ಹದಿನೇಳಕ್ಕೆ ಎಲೆ ಎಳೆದವರು: ಮಳೆಗಾಲದ ಒಂದು ಬ್ಲ್ಯಾಕ್‌ಜಾಕ್ ಪ್ರಸಾರದ ಪ್ರಕರಣ

ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟದ ಪಂದ್ಯಾವಳಿಯ ಈ ಪ್ರಸಾರ ನಡೆದದ್ದು 2025ರ ಮಳೆಗಾಲದಲ್ಲಿ, ಮಂಗಳೂರಿನ ಒಂದು ಸಣ್ಣ ಕೇಬಲ್ ವಾಹಿನಿಯಲ್ಲಿ. ವಾಹಿನಿಯ ಹೆಸರು, ಆಟ ನಡೆದ ಸಭಾಭವನ, ಆಡಿದವರ ಗುರುತು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಅವರ ಉದ್ಯೋಗಗಳನ್ನೂ ಸ್ವಲ್ಪ ಅದಲುಬದಲು ಮಾಡಿದ್ದೇನೆ. ಪಣಕ್ಕಿಡುವ ಬಿಲ್ಲೆಗಳ ಲೆಕ್ಕವನ್ನು ಮಾತ್ರ ನಮ್ಮ ಸ್ಕೋರ್ ಪುಸ್ತಕದಲ್ಲಿದ್ದ ಹಾಗೆಯೇ ಇಟ್ಟಿದ್ದೇನೆ. ಅದನ್ನು ಬದಲಿಸಿದರೆ ಹೇಳಲಿಕ್ಕೆ ಏನೂ ಉಳಿಯುವುದಿಲ್ಲ. ಎರಡು ಕಂತು ನೆಲಕಚ್ಚಿದ ಮೇಲೆ "ಒಮ್ಮೆ ಬಂದು ನೋಡಿ ಮಾರಾಯ್ರೆ" ಎಂದು ಕರೆಸಿಕೊಂಡವನು ನಾನು. ಹಾಗಾಗಿ ಮೊದಲ ಎರಡು ಕಂತಿನ ತಪ್ಪು ನನ್ನದಲ್ಲ. ಮೂರನೆಯದರಲ್ಲಿ ಆದ ದೊಡ್ಡ ಎಡವಟ್ಟು ಪೂರ್ತಿ ನನ್ನದು.

ಹಿನ್ನೆಲೆ

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು ಎಂದರೆ ಕರಾವಳಿಯ ಸಣ್ಣ ವಾಹಿನಿಗಳಿಗೆ ಬರಗಾಲ ಶುರು. ಕಂಬಳ ಮುಗಿದಿರುತ್ತದೆ, ದೈವಗಳ ಕೋಲ ನೇಮ ನಿಂತಿರುತ್ತವೆ, ಬಯಲಿನಲ್ಲಿ ಕ್ರಿಕೆಟ್ ಆಡಿಸೋಣವೆಂದರೆ ಬಯಲೇ ಗದ್ದೆಯಾಗಿರುತ್ತದೆ. ನವೆಂಬರಿನಿಂದ ಮೇ ತನಕ ರಾತ್ರಿ ಹಗಲು ಕ್ಯಾಮೆರಾ ಹೊತ್ತು ಓಡಿದ ಹುಡುಗರು ಜೂನಿನಿಂದ ಕಚೇರಿಯಲ್ಲಿ ಹಳೆಯ ಯಕ್ಷಗಾನವನ್ನು ಮರುಪ್ರಸಾರ ಮಾಡುತ್ತಾ ಚಾ ಕುಡಿಯುತ್ತಾರೆ. ಆಟಿ ತಿಂಗಳು ಮೊದಲಿನಿಂದಲೂ ಒಳಗೆ ಕೂತು ಆಡುವ ತಿಂಗಳು. ಚೆನ್ನೆಮಣೆ (ಅಳಗುಳಿಮಣೆ) ಅಟ್ಟದಿಂದ ಇಳಿಯುವ ಕಾಲ.

ವಾಹಿನಿಯ ಧಣಿಗಳ ಅಳಿಯ ವಿದೇಶಿ ಪ್ರವಾಸಿ ಹಡಗಿನ ಕ್ಯಾಸಿನೊದಲ್ಲಿ ಎಲೆ ಹಂಚುವ ಕೆಲಸದಲ್ಲಿದ್ದ. ರಜೆಯಲ್ಲಿ ಊರಿಗೆ ಬಂದಿದ್ದವನು ಮಾವನ ಖಾಲಿ ವೇಳಾಪಟ್ಟಿ ನೋಡಿ ಹೇಳಿದನಂತೆ: "ಬ್ಲ್ಯಾಕ್‌ಜಾಕ್ ಟೂರ್ನಮೆಂಟ್ ಮಾಡುವ. ಟೇಬಲ್ ಒಂದು, ನಾನು ಒಬ್ಬ, ಆರು ಜನ ಆಟಗಾರರು ಸಾಕು. ಮಳೆ ಬಂದರೂ ನಿಲ್ಲುವುದಿಲ್ಲ."

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಆಟಗಾರನಿಗೆ ಎರಡು ಎಲೆ, ಹಂಚುವವನಿಗೂ ಎರಡು. ಹಂಚುವವನ ಒಂದು ಎಲೆ ಮುಚ್ಚಿರುತ್ತದೆ. ರಾಜ, ರಾಣಿ, ಗುಲಾಮ ಪ್ರತಿಯೊಂದಕ್ಕೂ 10, ಎಕ್ಕಕ್ಕೆ 1 ಅಥವಾ 11. ಬೇಕಾದಷ್ಟು ಎಲೆ ಎಳೆದುಕೊಂಡು 21ರ ಹತ್ತಿರ ಹೋಗಬೇಕು, ದಾಟಿದರೆ ಅಲ್ಲಿಗೇ ಸೋಲು. ಹಂಚುವವ 17 ಆಗುವ ತನಕ ಎಳೆಯಲೇಬೇಕು, ಅವನಿಗೆ ಸ್ವಂತ ಬುದ್ಧಿ ಉಪಯೋಗಿಸುವ ಹಕ್ಕಿಲ್ಲ. ಅವನಿಗಿಂತ ಹೆಚ್ಚಾದರೆ ಇಟ್ಟ ಪಣದಷ್ಟು ಗೆಲುವು, ಕಡಿಮೆಯಾದರೆ ಪಣ ಹೋಯಿತು, ಸಮನಾದರೆ ಪಣ ವಾಪಸ್. ಇಷ್ಟಾದರೆ ಒಂದು 'ಕೈ' ಮುಗಿಯಿತು. ಪಂದ್ಯಾವಳಿಯಲ್ಲಿ ಎಲ್ಲರಿಗೂ ಸಮನಾಗಿ ಬಿಲ್ಲೆ ಕೊಡುತ್ತಾರೆ, ಕೊನೆಗೆ ಯಾರ ಮುಂದೆ ಹೆಚ್ಚು ಬಿಲ್ಲೆ ಇದೆಯೋ ಅವರು ಗೆದ್ದ ಹಾಗೆ.

ಇಲ್ಲಿನ ಪತ್ರಿಕೆಗಳಲ್ಲಿ ಇಸ್ಪೀಟು ಎಂದರೆ ಸಾಮಾನ್ಯವಾಗಿ 'ಉಲಾಯಿ ಪಿದಾಯಿ (ಅಂದರ್ ಬಾಹರ್) ಜುಗಾರಿ ಅಡ್ಡೆಗೆ ದಾಳಿ' ಎಂಬ ಸುದ್ದಿ. ಧಣಿಗಳು ಅದಕ್ಕೆ ಹೆದರಿ ಮೊದಲು ಹೋದದ್ದು ವಕೀಲರ ಹತ್ತಿರ. ಹಣ ಇಟ್ಟು ಆಡಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಬಂದು ಕೂರುತ್ತದೆ, ಆದ್ದರಿಂದ ಪ್ರವೇಶ ಶುಲ್ಕ ಬೇಡ, ನಗದು ಬಹುಮಾನ ಬೇಡ, ಬಿಲ್ಲೆಗೆ ರೂಪಾಯಿಯ ಬೆಲೆ ಬೇಡ, ಠಾಣೆಗೆ ಮೊದಲೇ ಒಂದು ಪತ್ರ ಕೊಟ್ಟಿಡಿ ಎಂದರು ಅವರು. ಒಂದು ಕಪ್ಪು, ಒಂದು ಶಾಲು, ಅಷ್ಟೇ. ಮಧ್ಯದಲ್ಲಿ ಒಂದು ರಮ್ಮಿ ಆ್ಯಪಿನವರು ಪ್ರಾಯೋಜಕರಾಗಿ ಬರುತ್ತೇವೆಂದು ಓಡಾಡಿದರು. ಆಗಸ್ಟಿನಲ್ಲಿ ಆನ್‌ಲೈನ್ ಹಣದಾಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಆ ಮಾತು ಅಲ್ಲಿಗೇ ಮುಗಿಯಿತು.

ಮೊದಲ ಎರಡು ಕಂತು

ನಾನು ರೆಕಾರ್ಡಿಂಗ್ ನೋಡಿದ್ದು. ಆರು ಜನ ಅರ್ಧ ಚಂದ್ರಾಕಾರದ ಮೇಜಿನ ಸುತ್ತ ಕೂತಿದ್ದಾರೆ. ಮುಖ್ಯ ಕ್ಯಾಮೆರಾ ಅವರ ಬೆನ್ನ ಹಿಂದಿನಿಂದ ಹಂಚುವವನ ಕೈಯನ್ನು ತೋರಿಸುತ್ತಿದೆ. ಒಂದೂವರೆ ಗಂಟೆ ಹೊತ್ತು ವೀಕ್ಷಕರು ಕಂಡದ್ದು ಆರು ಬೋಳು ಅಥವಾ ಬೋಳಲ್ಲದ ತಲೆ ಮತ್ತು ಒಬ್ಬನ ಬೆರಳು. 25 ಕೈ ಆಡಿ ಮೊದಲ ಇಬ್ಬರು ಮುಂದಕ್ಕೆ ಎಂಬುದು ನಿಯಮ. ಅಂದರೆ 20ನೇ ಕೈವರೆಗೆ ಯಾರಿಗೂ ಏನೂ ಆಗುವುದಿಲ್ಲ. ಎಲ್ಲರೂ ಕನಿಷ್ಠ ಪಣ ಇಟ್ಟು ಕಾಯುತ್ತಾರೆ. ಇವರೇ ಕಾಯುತ್ತಿರುವಾಗ ನೋಡುವವರು ಮತ್ತೇನು ಮಾಡಬೇಕು?

ಮಳೆಯ ತೇವಕ್ಕೆ ಕಾಗದದ ಎಲೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡು, ಒಂದು ಕೊಡಬೇಕಾದಲ್ಲಿ ಎರಡು ಬಂದು, ಎರಡು ಕೈಗಳನ್ನು ರದ್ದು ಮಾಡಬೇಕಾಗಿತ್ತು. ಅದಕ್ಕೆ ಪ್ಲಾಸ್ಟಿಕ್ ಎಲೆ ಮತ್ತು ಸ್ವಲ್ಪ ಕೇರಂ ಪೌಡರ್ ಸಾಕಾಯಿತು. ಕಾಮೆಂಟ್ರಿಗೆ ಸುಲಭ ಮದ್ದು ಇರಲಿಲ್ಲ. ಅಂಡರ್‌ಆರ್ಮ್ ಕ್ರಿಕೆಟ್ಟಿಗೆ ಹೆಸರಾದ ಒಬ್ಬ ಹುಡುಗನನ್ನು ಕೂರಿಸಿದ್ದರು. ಪ್ರತಿ ಎಲೆಗೂ ಸಿಕ್ಸರ್ ಹೋದ ಹಾಗೆ ಕೂಗಿದ. ಮೂರನೇ ಕೈಯಲ್ಲೇ ಅಷ್ಟು ಕೂಗಿದವನಿಗೆ ಕೊನೆಯ ಕೈಗೆ ಉಳಿಸಿಕೊಳ್ಳಲು ಧ್ವನಿಯೇ ಇರಲಿಲ್ಲ.

ಎರಡನೇ ಕಂತಿಗೆ ಧಣಿಗಳೇ ಖುದ್ದು ಎರಡು ಮದ್ದು ಹುಡುಕಿದ್ದರು. ಒಂದು, ದೊಡ್ಡ ಪಣ ಬಂದಾಗ ಚೆಂಡೆ. ಮಹಿಷಾಸುರ ಬರುವ ಅಬ್ಬರಕ್ಕೆ ಹೊಡೆಯುವ ಪೆಟ್ಟನ್ನು ಒಬ್ಬ ಗುಮಾಸ್ತರು ಐನೂರರ ಬಿಲ್ಲೆ ಮುಂದಿಟ್ಟದ್ದಕ್ಕೆ ಹೊಡೆದರೆ ಜನ ನಗದೆ ಇರುತ್ತಾರೆಯೇ? ನಕ್ಕರು. ಒಬ್ಬ ಹಿರಿಯರು ಫೋನ್ ಮಾಡಿ ಚೆಂಡೆಗೆ ಮರ್ಯಾದೆ ಕೊಡಿ ಎಂದೂ ಬೈದರು. ಇನ್ನೊಂದು, ಪೋಕರ್ ಎಂಬ ಬೇರೊಂದು ಎಲೆಯಾಟದ ಪ್ರಸಾರದಿಂದ ಎತ್ತಿಕೊಂಡ ಶೇಕಡಾವಾರು ಲೆಕ್ಕ. ಪ್ರತಿ ಆಟಗಾರನ ಹೆಸರಿನ ಕೆಳಗೆ ಗೆಲ್ಲುವ ಸಂಭವ 38, 43, 29 ಎಂದು ಅಂಕಿಗಳು ಓಡುತ್ತಿದ್ದವು. ಕ್ಯಾಮೆರಾಗಳ ಚಿತ್ರ ಬದಲಿಸುವ ವಿಷನ್ ಮಿಕ್ಸರ್ ಮುಂದೆ ಕೂರುವ ಹುಡುಗಿ, ಈ ಪ್ರಕರಣದಲ್ಲಿ ನನಗಿಂತ ಹೆಚ್ಚು ಕೆಲಸ ಮಾಡಿದವಳು, ನನಗೆ ಹೇಳಿದ ಮೊದಲ ಮಾತೇ ಅದರ ಬಗ್ಗೆ: "ಸರ್, ನನ್ನ ಅಮ್ಮ ಕೇಳಿದ್ರು, ಅದು ಅವರ ಮಾರ್ಕಾ ಅಂತ."

ಪೋಕರ್ ಹೆಸರು ಬಂತು. ಈ ತಪ್ಪು ಬೇರೆ ಕಡೆಯೂ ಆಗಬಹುದಾದ್ದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೋಕರ್ ಟಿವಿಯಲ್ಲಿ ಗೆದ್ದದ್ದು ಮುಚ್ಚಿದ ಎಲೆಯನ್ನು ವೀಕ್ಷಕರಿಗೆ ಮಾತ್ರ ತೋರಿಸುವ ಕ್ಯಾಮೆರಾದಿಂದ. 1999ರಲ್ಲಿ ಬ್ರಿಟನ್ನಿನ ಚಾನೆಲ್ 4 ಮೇಜಿಗೆ ಗಾಜು ಕೂರಿಸಿ ತೋರಿಸಿತು, 2003ರ ಹೊತ್ತಿಗೆ ಅಮೆರಿಕದಲ್ಲಿ ಅದು ದೊಡ್ಡ ಅಲೆಯಾಯಿತು. ಅದರ ಬೆನ್ನಿಗೇ 2004ರಲ್ಲಿ ಜಿಎಸ್‌ಎನ್ ವಾಹಿನಿ ಬ್ಲ್ಯಾಕ್‌ಜಾಕ್ ವರ್ಲ್ಡ್ ಸೀರೀಸ್ ಆರಂಭಿಸಿತು. ಆದರೆ ಬ್ಲ್ಯಾಕ್‌ಜಾಕ್‌ನಲ್ಲಿ ಸಾಮಾನ್ಯವಾಗಿ ಆಟಗಾರರ ಎಲೆಗಳೆಲ್ಲ ತೆರೆದೇ ಇರುತ್ತವೆ. ಒಬ್ಬ ಇನ್ನೊಬ್ಬನಿಂದ ಅಡಗಿಸಿಡುವುದು ಏನೂ ಇಲ್ಲ. ಮುಚ್ಚಿರುವುದು ಹಂಚುವವನ ಒಂದೇ ಎಲೆ, ಅವನಿಗೋ ಸುಳ್ಳು ಹೇಳುವ ಅವಕಾಶವೇ ಇಲ್ಲ. ಪೋಕರಿನ ಸಾಮಾನು ತಂದು ಇಲ್ಲಿ ಜೋಡಿಸಿದರೆ ಹಿಡಿಯುವುದಿಲ್ಲ.

ಮಾಸ್ಟ್ರ ಪ್ರಶ್ನೆ

ಕಾಮೆಂಟ್ರಿಗೆ ಬೇರೆ ಯಾರು ಎಂದು ಯೋಚಿಸುವಾಗ ನನಗೆ ಹೊಳೆದದ್ದು ನಿವೃತ್ತ ಶಾಲಾ ಮಾಸ್ಟ್ರೊಬ್ಬರು. ಅವರು ತಾಳಮದ್ದಳೆಯ ಅರ್ಥಧಾರಿ, ಎಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ಪಾತ್ರ ನಡೆಸುವವರು. ಇಸ್ಪೀಟು ಮುಟ್ಟಿದವರಲ್ಲ. ಅವರ ಮನೆಯ ಚಾವಡಿಯಲ್ಲಿ ಎರಡು ಸಂಜೆ ಹುಣಸೆಬೀಜಗಳನ್ನು ಬಿಲ್ಲೆ ಮಾಡಿಕೊಂಡು ನಾನೂ ಅಳಿಯನೂ ಅವರಿಗೆ ಆಟ ಕಲಿಸಿದೆವು. ಎರಡನೇ ಸಂಜೆ ಅವರು ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು: "ಇವರು ಆಡುವುದು ಯಾರೊಟ್ಟಿಗೆ? ಹಂಚುವವನೊಟ್ಟಿಗೆಯೋ, ಪಕ್ಕದವನೊಟ್ಟಿಗೆಯೋ?"

ಅಳಿಯ ತಟಕ್ಕನೆ "ಹಂಚುವವನೊಟ್ಟಿಗೆ" ಎಂದ. ಕ್ಯಾಸಿನೊದಲ್ಲಿ ಅದು ನಿಜ. ಪಂದ್ಯಾವಳಿಯಲ್ಲಿ ಅಲ್ಲ. ಹಂಚುವವ ಎಲ್ಲರಿಗೂ ಒಬ್ಬನೇ. ಅವನಿಗೆ ಒಳ್ಳೆಯ ಎಲೆ ಬಂದರೆ ಹೆಚ್ಚಿನವರು ಸೋಲುತ್ತಾರೆ, ಅವನು 21 ದಾಟಿದರೆ ದಾಟದೆ ಉಳಿದವರೆಲ್ಲ ಗೆಲ್ಲುತ್ತಾರೆ. ಅಂಥ ಕೈಯಲ್ಲಿ ನನ್ನ ಮತ್ತು ಪಕ್ಕದವನ ನಡುವಿನ ಅಂತರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಮಾಸ್ಟ್ರು ಅದನ್ನು ಕೂಡಲೇ ಹಿಡಿದರು. "ಹಾಗಾದರೆ ಅವನು ಮಳೆ ಇದ್ದ ಹಾಗೆ. ಎಲ್ಲರ ಗದ್ದೆಗೂ ಬೀಳುತ್ತದೆ. ಜಗಳ ಇರುವುದು ಅಂಚಿನ ಹುಣಿಯಲ್ಲಿ."

ಮೂರನೇ ಕಂತಿಗೆ ನಾವು ಮಾಡಿದ ಬದಲಾವಣೆಗಳೆಲ್ಲ ಆ ಮಾತಿನಿಂದ ಹೊರಟವು. ಮುಖ್ಯ ಕ್ಯಾಮೆರಾ ಹಂಚುವವನ ಪಕ್ಕಕ್ಕೆ ಬಂದು ಆಟಗಾರರ ಮುಖದತ್ತ ತಿರುಗಿತು. ಇನ್ನೊಂದು ಅಡ್ಡಕ್ಕೆ ನಿಂತು ಅಕ್ಕಪಕ್ಕದವರ ಬಿಲ್ಲೆಗಳನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಿತು. ನಿಯಮವನ್ನು 2006ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದ ಅಲ್ಟಿಮೇಟ್ ಬ್ಲ್ಯಾಕ್‌ಜಾಕ್ ಟೂರ್‌ನಿಂದ ತೆಗೆದುಕೊಂಡೆವು: 8, 16 ಮತ್ತು 25ನೇ ಕೈ ಮುಗಿದಾಗ ಅತಿ ಕಡಿಮೆ ಬಿಲ್ಲೆ ಇರುವವರು ಎದ್ದು ಹೋಗಬೇಕು, ಉಳಿದವರಿಗೆ 30ನೇ ಕೈ ಕೊನೆ. ಈಗ ಕನಿಷ್ಠ ಪಣ ಇಟ್ಟು ಕಾಯುವವನಿಗೆ ಉಳಿಗಾಲವಿಲ್ಲ, ನೋಡುವವರಿಗೂ ಯಾವಾಗ ಚಾ ಮಾಡಲು ಏಳಬಾರದು ಎಂಬುದು ಗೊತ್ತು. ನಿರ್ಧಾರಕ್ಕೆ 30 ಸೆಕೆಂಡ್.

ತೆರೆಯ ಮೇಲಿನ ಅಂಕಿಗಳನ್ನು ತೆಗೆದು ಏನು ಹಾಕುವುದೆಂದು ಜಗಳವೇ ಆಯಿತು. ಆರು ಜನರ ಬಿಲ್ಲೆ ಪಟ್ಟಿ ಇರಲೇಬೇಕು ಎಂದು ನನ್ನ ಹಟ. ಹುಡುಗಿ ಬೇಡ ಎಂದಳು. ಅವಳು ಐದು ವರ್ಷ ಕಂಬಳದ ಪ್ರಸಾರ ಮಾಡಿದವಳು. "ನೂರಾರು ಜೋಡಿ ಕೋಣ ಬಂದ್ರೂ ಜೋಡುಕರೆಯಲ್ಲಿ ಒಮ್ಮೆಗೆ ಓಡುವುದು ಎರಡೇ ಜೋಡಿ ಅಲ್ವಾ ಸರ್? ಜನ ಎರಡನ್ನೇ ನೋಡುವುದು." ಹಾಗಾಗಿ ಹೊರಬೀಳುವ ಕೈ ಬಂದಾಗ ಕೆಳಗಿನ ಇಬ್ಬರು ಮಾತ್ರ ತೆರೆಯ ಮೇಲೆ, ಅವರ ನಡುವಿನ ಅಂತರ ಒಂದೇ ಅಂಕಿಯಲ್ಲಿ. ಅದರ ಕೆಳಗೆ 'ಇವರಿಗೆ ಬೇಕಾದದ್ದು' ಎಂದು ಒಂದು ಸಾಲಿನ ಸಾದಾ ಕನ್ನಡ. ನನ್ನ ಪಟ್ಟಿ ಕಸದ ಬುಟ್ಟಿಗೆ ಹೋಯಿತು. ಈಗ ನೋಡಿದರೆ ಒಳ್ಳೆಯದೇ ಆಯಿತು.

ಕೊನೆಯದಾಗಿ ಮುಚ್ಚಿದ ಎಲೆ. ಬಡಗಿಯಿಂದ ಮೇಜು ಕೊರೆಸಿ ಅಂಗೈ ಅಗಲದ ಅಕ್ರಿಲಿಕ್ ತುಂಡು ಕೂರಿಸಿ, ಕೆಳಗೆ ಸಣ್ಣ ಕ್ಯಾಮೆರಾ ಇಟ್ಟೆವು. ಹಂಚುವವನ ಎಲೆ ಈಗ ಮನೆಯಲ್ಲಿ ಕೂತು ನೋಡುವವರಿಗೆ ಕಾಣುತ್ತಿತ್ತು, ಸಭಾಂಗಣಕ್ಕೂ ಆಟಗಾರರಿಗೂ ಕಾಣುತ್ತಿರಲಿಲ್ಲ. ಗುಟ್ಟು ಹೋದರೆ ಕುತೂಹಲವೂ ಹೋಗುತ್ತದಲ್ಲ ಎಂದು ಧಣಿಗಳು ಕೇಳಿದರು. ಮಾಸ್ಟ್ರು ಅವರನ್ನೇ ತಿರುಗಿ ಕೇಳಿದರು: ಸಂಧಾನಕ್ಕೆ ಬಂದ ಕೃಷ್ಣನಿಗೆ ಕೌರವ ಐದು ಗ್ರಾಮ ಕೊಡುವುದಿಲ್ಲ ಎಂದು ಗೊತ್ತಿಲ್ಲದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ? ಆದರೂ ಬೆಳಗಿನ ಜಾವದವರೆಗೆ ಕೂರುತ್ತಾರೆ. ಹೇಗೆ ಇಲ್ಲವೆನ್ನುತ್ತಾನೆ ಎಂದು ಕೇಳಲಿಕ್ಕೆ.

ಹದಿನಾರನೇ ಕೈ

ಮೂರನೇ ಕಂತು, 16ನೇ ಕೈ, ಮೇಜಿನಲ್ಲಿ ಐವರು. ಮೂವರು ಬಹಳ ಮೇಲಿದ್ದರು. ಕೆಳಗೆ ಇಬ್ಬರು: ಕಿರಾಣಿ ಅಂಗಡಿಯವರ ಬಳಿ 4,800, ಒಬ್ಬ ಕಾಲೇಜು ಉಪನ್ಯಾಸಕರ ಬಳಿ 4,300. ಅಂಗಡಿಯವರು ಮೊದಲು 1,000 ಇಟ್ಟರು. ಉಪನ್ಯಾಸಕರೂ 1,000 ಇಟ್ಟರು. ಹಿಂದಿರುವವನು ಮುಂದಿರುವವನಷ್ಟೇ ಇಟ್ಟರೆ ಇಬ್ಬರಿಗೂ ಒಂದೇ ಫಲ ಬಂದಾಗ ಅಂತರ ಕದಲುವುದಿಲ್ಲ. ಅದು ತಪ್ಪು ಪಣ, ಅವರೇ ಆಮೇಲೆ ಒಪ್ಪಿಕೊಂಡರು.

ಎಲೆ ಬಂತು. ಅಂಗಡಿಯವರಿಗೆ 18, ನಿಂತರು. ಹಂಚುವವನ ತೆರೆದ ಎಲೆ 9. ಉಪನ್ಯಾಸಕರಿಗೆ 17.

17ಕ್ಕೆ ಸಾಮಾನ್ಯವಾಗಿ ಯಾರೂ ಎಲೆ ಎಳೆಯುವುದಿಲ್ಲ. ಸಭಾಂಗಣದಲ್ಲಿ ಕೂತವರು ಆಗಲೇ ಅಂಗಡಿಯವರ ಬೆನ್ನು ತಟ್ಟುವುದೋ ಉಪನ್ಯಾಸಕರನ್ನು ಸಮಾಧಾನ ಮಾಡುವುದೋ ಎಂದು ನೋಡುತ್ತಿದ್ದರು. ಉಪನ್ಯಾಸಕರು ಬಿಲ್ಲೆಗಳನ್ನು ನೋಡಲಿಲ್ಲ, ಹಂಚುವವನನ್ನೂ ನೋಡಲಿಲ್ಲ. ಅಂಗಡಿಯವರ ಎರಡು ಎಲೆಗಳನ್ನೇ ನೋಡುತ್ತಾ ತೋರುಬೆರಳಿನಿಂದ ಮೇಜಿನ ಬಟ್ಟೆಯ ಮೇಲೆ ಏನನ್ನೋ ಕೂಡಿಸಿ ಕಳೆದರು. ಗಡಿಯಾರ 9 ಸೆಕೆಂಡ್ ತೋರಿಸುವಾಗ ಬೆರಳು ಎರಡು ಸಲ ಬಡಿದರು. ಎಳೆ.

ಮಾಸ್ಟ್ರು ಕೂಗಲಿಲ್ಲ. ಸ್ವಲ್ಪ ತಡೆದು ಅಂದರು: "ಹದಿನೇಳಕ್ಕೆ ನಿಂತರೆ ಎಂತ ಆಗ್ತದೆ ನೋಡಿ. ಪಕ್ಕದವರದ್ದು ಹದಿನೆಂಟು. ಇವರು ಗೆದ್ದರೆ ಅವರೂ ಗೆದ್ದಿರ್ತಾರೆ. ಇವರು ಸಮ ಮಾಡಿದರೆ ಅವರು ಗೆದ್ದಿರ್ತಾರೆ. ಹಂಚುವವನದ್ದು ಎಂತದೇ ಇರಲಿ, ಹದಿನೇಳು ಹದಿನೆಂಟರ ಮುಂದೆ ಹೋಗುವ ದಾರಿ ಇಲ್ಲ. ನಿಂತರೆ ಅವರು ಮನೆಗೆ. ಎಳೆದರೆ ಹೋಗಲೂಬಹುದು, ಇರಲೂಬಹುದು."

ಬಂದದ್ದು 3. ಇಪ್ಪತ್ತು. ಮುಚ್ಚಿದ ಎಲೆ 10 ಎಂದು ಮನೆಯವರು ಮೊದಲೇ ನೋಡಿದ್ದರು, ಹಂಚುವವನಿಗೆ 19. ಉಪನ್ಯಾಸಕರು ಗೆದ್ದು 5,300, ಅಂಗಡಿಯವರು ಸೋತು 3,800. ಎರಡು ನಿಮಿಷ ಮೊದಲು 500 ಮುಂದಿದ್ದವರು, 18 ಹಿಡಿದು ಸರಿಯಾಗಿಯೇ ನಿಂತವರು, ಕೈ ಮುಗಿದು ಎದ್ದರು.

ನಿಯಂತ್ರಣ ಕೋಣೆಯಲ್ಲಿ ನಾವು ಕುಣಿದಾಡಿದೆವು. ಕಾಲು ಗಂಟೆ ಕಳೆಯುವುದರೊಳಗೆ ಫೋನು ಶುರುವಾಯಿತು.

ಎಡವಟ್ಟು

"ಅವರಿಗೆ ಯಾರೋ ಸನ್ನೆ ಮಾಡಿದ್ದಾರೆ." ಪ್ರತಿಯೊಂದು ಕರೆಯಲ್ಲೂ, ಯೂಟ್ಯೂಬಿನ ಕೆಳಗೂ ಇದೇ ಮಾತು. ಹಂಚುವವನಿಗೆ 19 ಇದೆ ಎಂದು ಗೊತ್ತಿಲ್ಲದೆ ಯಾರಾದರೂ 17ಕ್ಕೆ ಎಳೆಯುತ್ತಾರೆಯೇ? ಅಂಗಡಿಯವರ ಮಗ ರಾತ್ರಿ ಹತ್ತಕ್ಕೆ ವಾಹಿನಿಯ ಬಾಗಿಲಿಗೆ ಬಂದ. ಅವನ ಒಂದು ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ: "ನೇರ ಪ್ರಸಾರ ಅಲ್ವಾ? ಸಭಾಂಗಣದಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇತ್ತು ಅಲ್ವಾ?"

ಹೌದು, ಇತ್ತು. ಮುಚ್ಚಿದ ಎಲೆಯನ್ನು ಜಗತ್ತಿಗೆ ತೋರಿಸಿ, ಆಟಗಾರರ ಎದುರು ಐದು ಗಜ ದೂರದಲ್ಲಿ ನೂರು ಮೊಬೈಲುಗಳನ್ನು ಕೂರಿಸಿದ್ದವನು ನಾನು. ಪೋಕರ್ ಪ್ರಸಾರ ಮಾಡುವವರು ನೇರ ಪ್ರಸಾರದಲ್ಲಿ ಎಲೆ ತೋರಿಸುವಾಗ ತಡವಾಗಿ ಬಿಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಯೂಟ್ಯೂಬಿನಲ್ಲಿ ಹೇಗೂ ಕೆಲವು ಸೆಕೆಂಡ್ ತಡವಾಗುತ್ತದೆ, ನಮ್ಮ ಹಳ್ಳಿಯ ಆಟಕ್ಕೆ ಅಷ್ಟು ಸಾಕು ಎಂದು ಉದಾಸೀನ ಮಾಡಿದ್ದೆ. ಕೆಲವು ಸೆಕೆಂಡ್ ಎಲ್ಲಿ, ನಾವು ಕೊಟ್ಟಿದ್ದ 30 ಸೆಕೆಂಡ್ ಎಲ್ಲಿ!

ಧಣಿಗಳು ಮರುದಿನ ಎಲ್ಲರನ್ನೂ ಕೂರಿಸಿದರು. ಮೂರು ದಾರಿ ಇದ್ದವು. ಮುಚ್ಚಿದ ಎಲೆ ತೋರಿಸುವುದನ್ನೇ ಬಿಡುವುದು, ಇಲ್ಲವೇ ಆ ಕೈಯನ್ನು ರದ್ದು ಮಾಡಿ ಅಂಗಡಿಯವರನ್ನು ವಾಪಸ್ ಕರೆಯುವುದು, ಇಲ್ಲವೇ ಉಪನ್ಯಾಸಕರ ಲೆಕ್ಕವನ್ನು ಜನರ ಮುಂದಿಡುವುದು. ರದ್ದು ಮಾಡಿ ಗಲಾಟೆ ಮುಗಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಮಾಸ್ಟ್ರು ಒಪ್ಪಲಿಲ್ಲ. ಸರಿಯಾಗಿ ಯೋಚಿಸಿದವನನ್ನು ಕಳ್ಳ ಮಾಡಿದ ಹಾಗೆ ಆಗುತ್ತದೆ ಎಂದರು. ಮೂರೂ ಕ್ಯಾಮೆರಾಗಳ ರೆಕಾರ್ಡಿಂಗನ್ನು ಅಂಗಡಿಯವರ ಮನೆಯವರ ಎದುರೇ ಹಾಕಿ ನೋಡಿದೆವು. ಆ 21 ಸೆಕೆಂಡಿನಲ್ಲಿ ಉಪನ್ಯಾಸಕರು ತಲೆ ಎತ್ತಿರಲಿಲ್ಲ. ಆಮೇಲೆ ಮಾಸ್ಟ್ರು, ಉಪನ್ಯಾಸಕರು ಇಬ್ಬರನ್ನೂ ಒಂದು ಕರಿಹಲಗೆಯ ಮುಂದೆ ನಿಲ್ಲಿಸಿ ಆರು ನಿಮಿಷದ ವಿಡಿಯೊ ಮಾಡಿದೆವು. ಹಂಚುವವನಿಗೆ 17 ಬಂದರೆ, 18 ಬಂದರೆ, 19, 20, 21, ದಾಟಿದರೆ. ಆರು ಸಾಲು. ಪ್ರತಿ ಸಾಲಿನಲ್ಲೂ ನಿಂತರೆ ಉಪನ್ಯಾಸಕರು ಕೆಳಗೆ. ಸೀಮೆಸುಣ್ಣದಿಂದ ಆರನೇ ಸಾಲಿಗೆ ಗೆರೆ ಎಳೆದಾಗ ಅಂಗಡಿಯವರೇ ಹಿಂದಿನಿಂದ "ಛೆ, ಹೌದಲ್ಲ ಮಾರಾಯ್ರೆ" ಎಂದದ್ದು ವಿಡಿಯೊದಲ್ಲಿ ಕೇಳುತ್ತದೆ. ಅದನ್ನು ಹಾಗೆಯೇ ಬಿಟ್ಟೆವು.

ಆ ಆರು ನಿಮಿಷವನ್ನು ಜನ ಕಂತಿಗಿಂತ ಹೆಚ್ಚು ನೋಡಿದರು, ವಾಟ್ಸಾಪಿನಲ್ಲಿ ಹಂಚಿದರು. ಮೀನು ಮಾರ್ಕೆಟ್ಟಿನಲ್ಲಿ ಒಬ್ಬರು ನನ್ನನ್ನು ನಿಲ್ಲಿಸಿ 17ರ ಲೆಕ್ಕವನ್ನು ನನಗೇ ವಿವರಿಸಿದರು, ಅದೂ ತಪ್ಪಾಗಿ. ನಾನು ತಿದ್ದಲು ಹೋಗಲಿಲ್ಲ. ಪ್ರಕರಣದ ತಿರುವು ಯಾವುದು ಎಂದು ಕೇಳಿದರೆ ನಾನು 16ನೇ ಕೈಯನ್ನು ತೋರಿಸುವುದಿಲ್ಲ, ಆ ಕರಿಹಲಗೆಯನ್ನು ತೋರಿಸುತ್ತೇನೆ.

ನಾಲ್ಕು ಮತ್ತು ಐದು

ನಾಲ್ಕನೇ ಕಂತಿನಿಂದ ಪ್ರಸಾರ 10 ನಿಮಿಷ ತಡ. ಬಾಗಿಲಲ್ಲಿ ಒಂದು ದೊಡ್ಡ ಬೆತ್ತದ ಬುಟ್ಟಿ, ಒಳಗೆ ಬರುವವರ ಮೊಬೈಲುಗಳೆಲ್ಲ ಚೀಟಿ ಅಂಟಿಸಿಕೊಂಡು ಅದರೊಳಗೆ. ಸಭಾಂಗಣದ ದೊಡ್ಡ ಪರದೆಗೆ ಬೇರೆಯೇ ಲೈನ್, ಅದರಲ್ಲಿ ಮುಚ್ಚಿದ ಎಲೆ ಇಲ್ಲ. ಕಾಮೆಂಟ್ರಿ ಕೂಡ ಗಾಜಿನ ಕೋಣೆಯೊಳಕ್ಕೆ ಹೋಯಿತು.

ಅಮೆರಿಕದ ಆ ಪಂದ್ಯದಲ್ಲೇ ಇದ್ದ ಇನ್ನೊಂದು ನಿಯಮವನ್ನೂ ತಂದೆವು: ಒಬ್ಬೊಬ್ಬರಿಗೆ ಒಂದು ಮೇಜಿನಲ್ಲಿ ಒಂದೇ ಸಲ ಗುಟ್ಟಿನ ಪಣ. ಚೀಟಿಯಲ್ಲಿ ಬರೆದು ಮಡಚಿಡುವುದು, ಮನೆಯವರಿಗೆ ಮಾತ್ರ ಕಾಣುವುದು. ತೆರೆದೇ ಇರುವ ಈ ಆಟದಲ್ಲಿ ನಿಜಕ್ಕೂ ಅಡಗಿಸಬಹುದಾದದ್ದು ಪಣವೊಂದೇ, ಆದ್ದರಿಂದ ಚೆನ್ನಾಗಿಯೇ ನಡೆಯಿತು. ಒಬ್ಬ ಆಟಗಾರ್ತಿ ಅಭಿಮಾನದಿಂದ ಕನ್ನಡ ಅಂಕಿಯಲ್ಲಿ ೩೫೦೦ ಎಂದು ಬರೆದು, ಇಂಗ್ಲಿಷ್ ಶಾಲೆಯಲ್ಲಿ ಕಲಿತ ಅಳಿಯನಿಗೆ ಓದಲು ಬಾರದೆ, ಮಾಸ್ಟ್ರನ್ನು ಗಾಜಿನ ಕೋಣೆಯಿಂದ ಕರೆಸಬೇಕಾಯಿತು. ಅಷ್ಟೇ ತೊಂದರೆ.

ಮುಚ್ಚಿದ ಎಲೆ ತೋರಿಸುವುದರಲ್ಲಿ ಒಂದು ಹುಳುಕು ಕ್ರಮೇಣ ಕಂಡಿತು. ಆಟಗಾರ ಇನ್ನೂ ತೀರ್ಮಾನ ಮಾಡಬೇಕಾಗಿರುವಾಗ ಅದು ಉಸಿರು ಬಿಗಿಹಿಡಿಸುತ್ತದೆ. ಎಲ್ಲರೂ ನಿಂತಾದ ಮೇಲೆ, ಹಂಚುವವನಿಗೆ ಆಗಲೇ 19 ಇದೆ ಎಂದು ಗೊತ್ತಿದ್ದರೆ, ಅವನು ಎಲೆ ತಿರುಗಿಸುವುದು ಹಳಸಿದ ಸುದ್ದಿ. ಐದನೇ ಕಂತಿನಲ್ಲಿ ಎರಡು ಸಲ ಹೀಗೆ ಸಪ್ಪೆಯಾಯಿತು. ಕೊನೆಯ ಕಂತಿನ 30ನೇ ಕೈಗೆ ಕೆಳಗಿನ ಕ್ಯಾಮೆರಾ ಬಂದ್ ಮಾಡೋಣ ಎಂದದ್ದು ಮಾಸ್ಟ್ರು. "ಈಗ ಜನಕ್ಕೆ ಆ ಎಲೆ ಬೇಡ" ಎಂದರು. ನನಗೆ ಪೂರ್ತಿ ನಂಬಿಕೆ ಇರಲಿಲ್ಲ.

ಕೊನೆಯ ಕೈ

ಉಳಿದವರು ಇಬ್ಬರು ಎನ್ನಬಹುದು, ಮೂರನೆಯವರು ಬಹಳ ಕೆಳಗಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕನ ಬಳಿ 14,200. ಬಂದರಿನಲ್ಲಿ ಬೋಟಿನ ಲೆಕ್ಕ ಬರೆಯುವ ಹುಡುಗನ ಬಳಿ 12,500. ಇಬ್ಬರೂ ಗುಟ್ಟಿನ ಪಣವನ್ನು ಮೊದಲೇ ಖರ್ಚು ಮಾಡಿದ್ದರು. ಗರಿಷ್ಠ ಪಣ 5,000. ಸರದಿಯ ಪ್ರಕಾರ ಅಕ್ಕ ಮೊದಲು ಇಡಬೇಕು.

ಅವರು ಐದೂ ಸಾವಿರ ಇಟ್ಟರು. ಸಭಾಂಗಣ ಚಪ್ಪಾಳೆ ಹೊಡೆಯಿತು. ಗಾಜಿನ ಕೋಣೆಯಲ್ಲಿ ಮಾಸ್ಟ್ರು ಹಣೆ ಮುಟ್ಟಿಕೊಂಡರು. ನೂರು ಕೈ ಆಡಿದರೆ ಆಟಗಾರ ಸುಮಾರು 43 ಗೆದ್ದು 49 ಸೋಲುತ್ತಾನೆ, ಉಳಿದದ್ದು ಸಮ. ಅಕ್ಕ 1,000 ಇಟ್ಟಿದ್ದರೆ ಸೋತರೂ 13,200 ಇರುತ್ತಿತ್ತು, ಹುಡುಗ ತನ್ನ ಕೈ ಗೆಲ್ಲಲೇಬೇಕಾಗುತ್ತಿತ್ತು. ಐದು ಸಾವಿರ ಇಟ್ಟ ಮೇಲೆ ಹುಡುಗ ಗೆಲ್ಲಬೇಕಾಗಿಲ್ಲ, ಅಕ್ಕ ಸೋತರೆ ಸಾಕು.

ಹುಡುಗ 3,000 ಇಟ್ಟ. ಮಾಸ್ಟ್ರು ಒಂದು ಕ್ಷಣ ಸುಮ್ಮನಿದ್ದು ನಿಧಾನಕ್ಕೆ ಬಿಡಿಸಿದರು: ಇಬ್ಬರೂ ಮುಳುಗಿದರೆ ಅಕ್ಕನಿಗೆ 9,200, ಇವನಿಗೆ 9,500. ಅಕ್ಕ ಸಮ ಮಾಡಿ ಇವನು ಗೆದ್ದರೆ 14,200ಕ್ಕೆ ಎದುರು 15,500. ಎರಡೂ ಬಾಗಿಲು ತೆರೆದಿಟ್ಟ ಪಣ ಅದು.

ಅಕ್ಕನಿಗೆ ರಾಣಿ, ಹತ್ತು. ಇಪ್ಪತ್ತು. ನಿಂತರು. ಹಂಚುವವನ ತೆರೆದ ಎಲೆ 6. ಅವನಿಗೆ ಅದಕ್ಕಿಂತ ಕೆಟ್ಟ ಎಲೆ ಹೆಚ್ಚಿಲ್ಲ, ನೂರರಲ್ಲಿ ಸುಮಾರು 42 ಸಲ 21 ದಾಟಿಬಿಡುತ್ತಾನೆ. ಇಡೀ ಸಭಾಂಗಣದಲ್ಲಿ ಹಂಚುವವನಿಗೆ ಒಳ್ಳೆಯದಾಗಲಿ ಎಂದು ಬೇಡುತ್ತಿದ್ದವನು ಬಹುಶಃ ಆ ಹುಡುಗ ಒಬ್ಬನೇ. ಅವನ ಕೈಯಲ್ಲಿ 13.

ಎಳೆದ. ಬಂದದ್ದು 6, ಹತ್ತೊಂಬತ್ತಾಯಿತು. ಸಭಾಂಗಣ "ಹಾಂ" ಎಂದು ಉಸಿರುಬಿಟ್ಟಿತು, ಸಾಕು ಎನ್ನುವ ಹಾಗೆ. ಹುಡುಗ ಮೇಜಿನ ಮೇಲೆ ಮತ್ತೆ ಬೆರಳು ಬಡಿದ. ಹಂಚುವ ಅಳಿಯನೇ ಒಂದು ಕ್ಷಣ ಕೈ ತಡೆದು ಅವನ ಮುಖ ನೋಡಿದ. ಮತ್ತೆ ಬಡಿದ. ಬಂದದ್ದು ರಾಜ. ಇಪ್ಪತ್ತೊಂಬತ್ತು.

ಹಂಚುವವನ ಮುಚ್ಚಿದ ಎಲೆ ಹತ್ತು, ಹದಿನಾರು. 5 ಬಂದರೆ ಅಕ್ಕನಿಗೆ ಸೋಲು. ಬಂದದ್ದು 4. ಇಪ್ಪತ್ತಕ್ಕೆ ಇಪ್ಪತ್ತು, ಸಮ. ಅಕ್ಕ 14,200ರಲ್ಲೇ ನಿಂತು ಕಪ್ಪು ಗೆದ್ದರು, ಪಾಪ ಅವರಿಗೆ ತಾವು ಎಷ್ಟು ಅಂಚಿನಲ್ಲಿದ್ದೆವು ಎಂದು ಫೋಟೊ ತೆಗೆಸಿಕೊಳ್ಳುವಾಗಲೂ ಗೊತ್ತಿರಲಿಲ್ಲ. ಸಭಾಂಗಣದವರು ಹುಡುಗನನ್ನು ಕನಿಕರದಿಂದ ನೋಡಿದರು. ಹತ್ತೊಂಬತ್ತಕ್ಕೆ ಎಳೆದ ದಡ್ಡ.

ಶಾಲು ಹೊದಿಸಿ ಆಯಿತು, ಜನ ಬುಟ್ಟಿಯಿಂದ ಮೊಬೈಲ್ ಹುಡುಕಿಕೊಂಡು ಮಳೆಗೆ ಕೊಡೆ ಬಿಚ್ಚಿದರು. ಹುಡುಗರು ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿದ್ದರು. ಪ್ರಸಾರ 10 ನಿಮಿಷ ಹಿಂದೆ ಇದ್ದುದರಿಂದ ಮನೆಗಳಲ್ಲಿ ಆ ಕೈ ಇನ್ನೂ ನಡೆಯುತ್ತಿತ್ತು. ನಾನೂ ಮಾಸ್ಟ್ರೂ ವೇದಿಕೆಯ ಮೆಟ್ಟಿಲ ಮೇಲೆ ಕೂತು ನನ್ನ ಫೋನಿನಲ್ಲಿ ನೋಡಿದೆವು. ಹುಡುಗನಿಗೆ 6 ಬಂತು. ಹತ್ತೊಂಬತ್ತು. ತೆರೆಯ ಮೇಲೆ ಮುಚ್ಚಿದ ಎಲೆ ಇಲ್ಲ, 'ಇವರಿಗೆ ಬೇಕಾದದ್ದು' ಎಂಬ ಸಾಲನ್ನು ಹುಡುಗಿ ಇನ್ನೂ ಹಾಕಿಲ್ಲ, ಫೋನಿನೊಳಗಿನ ಮಾಸ್ಟ್ರು ಇನ್ನೂ ಬಾಯಿ ತೆರೆದಿಲ್ಲ. ಕೆಳಗೆ ಒಂದರ ಹಿಂದೆ ಒಂದು ಸಾಲು ಬರತೊಡಗಿತು.

"ನಿಲ್ಬೇಡ."

"19 ಸಾಲದು, ಅಕ್ಕನದ್ದು 20 ಉಂಟು."

"ಎಳಿ ಮಾರಾಯ ಎಳಿ."

ಮಾಸ್ಟ್ರು ಕನ್ನಡಕ ಮೇಲಕ್ಕೆತ್ತಿ ಫೋನನ್ನು ಇನ್ನೂ ಹತ್ತಿರ ಹಿಡಿದುಕೊಂಡರು.